ಮಕ್ಕಳ ಇಂಗ್ಲಿಷ್ ವ್ಯಾಕರಣಕ್ಕೆ ಮನೆಯ ಕನ್ನಡವೇ ಕೈದೀವಿಗೆ



ಟೋಕಿಯೋದ ಕೋಟೋ ವಾರ್ಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅಡುಗೆಮನೆಯಲ್ಲಿ ಕನ್ನಡ, ಪಾರ್ಕಿನಲ್ಲಿ ಜಪಾನಿ, ಪುಸ್ತಕದಲ್ಲಿ ಇಂಗ್ಲಿಷ್. ಮೂರು ಭಾಷೆ ಬರುವ ಮಗು ಎಂದು ಊರಿನಲ್ಲಿ ಅಜ್ಜ ಅಜ್ಜಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಮಗುವಿಗೆ ಹತ್ತು ಹನ್ನೊಂದು ವರ್ಷವಾಗುವ ಹೊತ್ತಿಗೆ ಅಪ್ಪ ಅಮ್ಮನಿಗೆ ಒಂದು ಚಿಂತೆ ಹತ್ತಿಕೊಳ್ಳುತ್ತದೆ: "ಮಾತೇನೋ ಆಡುತ್ತೆ, ಆದರೆ ಬರೆಯೋಕೆ ಕೂತರೆ ಇಂಗ್ಲಿಷ್ ಗ್ರಾಮರ್ ಯಾಕೋ ಸರಿಯಾಗ್ತಿಲ್ಲವಲ್ಲ!"

ಈ ಚಿಂತೆಗೆ ಕಾರಣವೂ ಇದೆ. 2000ದ ಆಸುಪಾಸಿನಲ್ಲಿ ಕಂಪ್ಯೂಟರುಗಳ 'ವೈ ಟು ಕೆ' ಕೆಲಸಕ್ಕೆಂದು ಭಾರತದ ಎಂಜಿನಿಯರುಗಳು ಟೋಕಿಯೋಗೆ ಬಂದಾಗ, ಒತೆಮಾಚಿಯ ಕಚೇರಿಗಳಿಗೆ ತೋಜಾಯ್ ಲೈನಿನಲ್ಲಿ ನೇರವಾಗಿ ಹೋಗಬಹುದೆಂದು ಬಹಳ ಮಂದಿ ಎದೊಗಾವಾ ವಾರ್ಡಿನ ನಿಶಿ ಕಸಾಯ್‌ನಲ್ಲಿ ಮನೆ ಮಾಡಿದರು. ನದಿಯ ಈಚೆ ಕೋಟೋದ ಓಜಿಮಾ, ತೋಯೋಸು ಕಡೆಗಳಲ್ಲೂ ನಮ್ಮವರು ನೆಲೆಸಿದರು. 2004ರಲ್ಲಿ ಕೋಟೋದಲ್ಲಿ 'ಇಂಡಿಯಾ ಇಂಟರ್‌ನ್ಯಾಷನಲ್ ಸ್ಕೂಲ್ ಇನ್ ಜಪಾನ್' ಶುರುವಾಯಿತು. ಅಲ್ಲಿ ಸಿ.ಬಿ.ಎಸ್.ಇ. ಪಾಠ, ಇಂಗ್ಲಿಷ್ ಮಾಧ್ಯಮ. ಆದರೆ ಎಲ್ಲರೂ ಭಾರತೀಯ ಶಾಲೆಗೇ ಕಳಿಸುವುದಿಲ್ಲ. ಎಷ್ಟೋ ಮಕ್ಕಳು ಮನೆಯ ಪಕ್ಕದ ಜಪಾನಿ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಅಲ್ಲಿ ಇಂಗ್ಲಿಷ್ ಒಂದು ಪೂರ್ಣ ವಿಷಯವಾಗಿ ಬರುವುದು ಐದನೇ ತರಗತಿಯಲ್ಲಿ, ಅದೂ 2020ರ ಏಪ್ರಿಲ್‌ನಿಂದ. ಮೂರು ನಾಲ್ಕನೇ ತರಗತಿಯಲ್ಲಿ ಹಾಡು, ಆಟ, ಪರಿಚಯದ ಮಾತು ಅಷ್ಟೇ.

ಇಷ್ಟರಲ್ಲಿ ಅಪ್ಪನ ಪ್ರಾಜೆಕ್ಟ್ ಮುಗಿದು ಬೆಂಗಳೂರಿಗೋ ಅಮೆರಿಕಕ್ಕೋ ಹೊರಡಬೇಕಾದರೆ ಮಗು ನೇರವಾಗಿ ಇಂಗ್ಲಿಷ್ ಮಾಧ್ಯಮದ ಏಳನೇ ಕ್ಲಾಸಿಗೆ ಬೀಳುತ್ತದೆ. ಅಲ್ಲಿ ವಿಜ್ಞಾನವೂ ಇಂಗ್ಲಿಷಿನಲ್ಲೇ, ಸಮಾಜವೂ ಇಂಗ್ಲಿಷಿನಲ್ಲೇ. ಆಗ ಯಾರೋ ಹಿತೈಷಿಗಳು ಒಂದು ಸಲಹೆ ಕೊಡುತ್ತಾರೆ: "ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡಿ, ಬರೀ ಇಂಗ್ಲಿಷ್ ಮಾತಾಡಿ."

ಈ ಸಲಹೆ ಕೇಳಬೇಡಿ ಎಂದು ಹೇಳುವುದಕ್ಕೇ ಈ ಲೇಖನ. ಭಾಷಾಭಿಮಾನದಿಂದ ಮಾತ್ರ ಹೇಳುತ್ತಿಲ್ಲ. ಇಂಗ್ಲಿಷ್ ವ್ಯಾಕರಣದ ಮಧ್ಯಮ ಹಂತದಲ್ಲಿ ಮಗು ಎಡವುವ ಜಾಗಗಳನ್ನು ಒಂದೊಂದಾಗಿ ನೋಡಿದರೆ, ಆ ಜಾಗಗಳಲ್ಲಿ ದೀಪ ಹಿಡಿಯಲು ಮನೆಯಲ್ಲಿರುವ ಅತ್ಯುತ್ತಮ ಸಾಧನ ಕನ್ನಡವೇ ಎಂಬುದು ಗೊತ್ತಾಗುತ್ತದೆ.

ತಪ್ಪಿಗೂ ಒಂದು ತರ್ಕ ಇದೆ

'ಮಧ್ಯಮ ಹಂತ' ಎಂದರೆ ಏನು? ಮಗು ತನ್ನ ಪರಿಚಯ ಹೇಳುತ್ತದೆ, ಕತೆ ಓದಿದರೆ ಅರ್ಥವಾಗುತ್ತದೆ, ಹತ್ತು ವಾಕ್ಯ ಬರೆಯುತ್ತದೆ. ಆದರೆ 'ಎ', 'ದಿ', 'ಹ್ಯಾವ್', 'ಸಿನ್ಸ್' ಬಂದ ಕಡೆ ಕೈ ತಡೆಯುತ್ತದೆ. ಪದಗಳ ಕೊರತೆ ಅಲ್ಲ, ವಾಕ್ಯದ ಅಚ್ಚಿನದೇ ಸಮಸ್ಯೆ.

ಈ ತಪ್ಪುಗಳು ಮನಸೋ ಇಚ್ಛೆ ಬರುವುದಿಲ್ಲ. ರಾಬರ್ಟ್ ಲ್ಯಾಡೋ ಎಂಬ ಭಾಷಾಶಿಕ್ಷಣ ತಜ್ಞರು 1957ರಲ್ಲಿ ಬರೆದ ಪುಸ್ತಕದಲ್ಲಿ, ಕಲಿಯುವವನ ಮನೆಮಾತನ್ನೂ ಕಲಿಯುವ ಭಾಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂಬುದು ಕಾಣುತ್ತದೆ ಎಂದರು. ಲ್ಯಾಡೋ ಸ್ಪೇನಿನಿಂದ ಅಮೆರಿಕಕ್ಕೆ ಬಂದ ಕುಟುಂಬದವರು. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರು. ಎಲ್ಲ ತಪ್ಪೂ ಮನೆಮಾತಿನಿಂದಲೇ ಬರುವುದಿಲ್ಲ ಎಂದು ಆಮೇಲೆ ಬಂದ ವಿದ್ವಾಂಸರು ತಿದ್ದಿದರು. ಇಂಗ್ಲಿಷ್ ಮನೆಮಾತಿನ ಮಕ್ಕಳೂ 'ವೆಂಟ್' ಬದಲು 'ಗೋಡ್' ಅನ್ನುತ್ತಾರೆ! ಆದರೂ ಮನೆಮಾತಿನ ಅಚ್ಚು ಹೊಸ ಭಾಷೆಯ ಮೇಲೆ ಬೀಳುತ್ತದೆ ಎನ್ನುವುದಂತೂ ನಿಜ.

ಸ್ಪ್ಯಾನಿಷ್ ಮಾತಾಡುವ ಮಗುವನ್ನೇ ನೋಡಿ. ಅದರ ಭಾಷೆಯಲ್ಲಿ 'ಎ', 'ದಿ'ಗೆ ಸಮನಾದ ಪದಗಳಿವೆ, ಕ್ರಿಯಾಪದ ಇಂಗ್ಲಿಷಿನಂತೆಯೇ ನಡುವೆ ಬರುತ್ತದೆ. ಅಷ್ಟು ಮಟ್ಟಿಗೆ ಪುಣ್ಯವಂತ ಮಗು. ಆದರೆ ಅದು ಕರ್ತೃಪದ ಬಿಟ್ಟು 'ಈಸ್ ರೇನಿಂಗ್' ಅನ್ನುತ್ತದೆ, ವಯಸ್ಸು ಹೇಳುವಾಗ 'ಐ ಹ್ಯಾವ್ ಟೆನ್ ಇಯರ್ಸ್' ಅನ್ನುತ್ತದೆ. ಯಾಕೆಂದರೆ ಸ್ಪ್ಯಾನಿಷಿನಲ್ಲಿ ಹಾಗೆಯೇ ಹೇಳುವುದು. ಅಂಥ ಮಕ್ಕಳಿಗೆಂದು ಬರೆದ ವ್ಯಾಕರಣ ಪುಸ್ತಕ ನಮ್ಮ ಮಕ್ಕಳಿಗೆ ಅರ್ಧ ಮಾತ್ರ ಹೊಂದುತ್ತದೆ. ನಮ್ಮ ಮಕ್ಕಳು ಎಡವುವ ಕಲ್ಲುಗಳೇ ಬೇರೆ.

ಕೋಟೋದ ಮಗುವಿನ ವಿಶೇಷವೇನೆಂದರೆ, ಅದರ ಕನ್ನಡ ಮತ್ತು ಜಪಾನಿ ಎರಡೂ ಒಂದೇ ದಡದಲ್ಲಿವೆ. ಎರಡರಲ್ಲೂ ಕ್ರಿಯಾಪದ ಕೊನೆಗೆ. ಎರಡರಲ್ಲೂ ಪ್ರತ್ಯಯಗಳು ನಾಮಪದದ ಹಿಂದೆ ಬಂದು ಅಂಟಿಕೊಳ್ಳುತ್ತವೆ. ಎರಡರಲ್ಲೂ 'ಎ', 'ದಿ' ಇಲ್ಲ. ತಮಿಳಿಗೂ ಜಪಾನಿಗೂ ರಕ್ತಸಂಬಂಧ ಇದೆ ಎಂದು ಸುಸುಮು ಓನೋ ಎಂಬ ಜಪಾನಿ ವಿದ್ವಾಂಸರು ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ನೆಂಟಸ್ತಿಕೆ ಇರಲಿ ಬಿಡಲಿ, ವಾಕ್ಯದ ಅಚ್ಚು ಮಾತ್ರ ಬಹಳ ಹತ್ತಿರ. ಹೀಗಾಗಿ ಎರಡು ಭಾಷೆಗಳೂ ಸೇರಿ ಮಗುವನ್ನು ಒಂದೇ ಕಡೆಗೆ ಎಳೆಯುತ್ತವೆ. ಇಂಗ್ಲಿಷ್ ಇರುವುದು ಎದುರು ದಡದಲ್ಲಿ. ಸೇತುವೆ ಎಲ್ಲೆಲ್ಲಿ ಬೇಕು ನೋಡೋಣ.

1. 'ಎ' ಮತ್ತು 'ದಿ': ಅಜ್ಜಿ ಕತೆಯ ರಾಜ

ಎಲ್ಲಕ್ಕಿಂತ ದೊಡ್ಡ ತೊಡಕು ಇದೇ. 'ಐ ಸಾ ಡಾಗ್' ಎಂದು ಮಗು ಬರೆಯುತ್ತದೆ. "ಎ ಹಾಕು" ಎಂದರೆ ಎಲ್ಲ ಕಡೆಯೂ 'ಎ' ಹಾಕುತ್ತದೆ. ನಿಯಮಗಳ ಪಟ್ಟಿ ಕೊಟ್ಟರೆ ಇನ್ನೂ ಗೊಂದಲ.

ಇಲ್ಲಿ ಅಜ್ಜಿಯ ಕತೆ ನೆನಪಿಸಿಕೊಳ್ಳಿ. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು." ಮೊದಲ ಸಲ 'ಒಬ್ಬ' ರಾಜ. ಕೇಳುವವರಿಗೆ ಅವನು ಹೊಸಬ. ಎರಡನೇ ಸಲ 'ಆ' ರಾಜ. ಈಗ ಪರಿಚಯವಾಗಿದೆ. 'ಒಬ್ಬ' ಎಂದರೆ 'ಎ', 'ಆ' ಎಂದರೆ 'ದಿ'. ಜಪಾನಿ ಕತೆಗಳಲ್ಲೂ ಹೀಗೇ: ಅಜ್ಜ ಮೊದಲ ಸಲ ಬರುವಾಗ 'ಗಾ' ಪ್ರತ್ಯಯ, ಎರಡನೇ ಸಲ 'ವಾ' ಪ್ರತ್ಯಯ. ಹೊಸಬ, ಹಳಬ ಎಂಬ ಭೇದ ಮಗುವಿನ ತಲೆಯಲ್ಲಿ ಆಗಲೇ ಇದೆ! ಇಂಗ್ಲಿಷ್ ಅದನ್ನು ಪ್ರತಿ ಸಲವೂ ಬಾಯಿಬಿಟ್ಟು ಹೇಳು ಅನ್ನುತ್ತದೆ, ನಾವು ಎಷ್ಟೋ ಸಲ ಸುಮ್ಮನೆ ಬಿಡುತ್ತೇವೆ. ವ್ಯತ್ಯಾಸ ಅಷ್ಟೇ.

ಕನ್ನಡದಲ್ಲಿ ಇನ್ನೊಂದು ಗುಟ್ಟೂ ಇದೆ. "ಪುಸ್ತಕ ತಂದೆ" ಅಂದರೆ ಯಾವುದೋ ಪುಸ್ತಕ. "ಪುಸ್ತಕಾನ ತಂದೆ" ಅಂದರೆ ನಿಮಗೂ ನನಗೂ ಗೊತ್ತಿರುವ ಆ ಪುಸ್ತಕ. ದ್ವಿತೀಯಾ ವಿಭಕ್ತಿ ಇಲ್ಲಿ 'ದಿ' ಮಾಡುವ ಕೆಲಸವನ್ನೇ ಮಾಡುತ್ತಿದೆ. ಮಗು ಬರೆಯುವಾಗ ಒಂದೇ ಪ್ರಶ್ನೆ ಕೇಳಿ: "ಯಾವುದು ಅಂತ ಕೇಳುವವರಿಗೆ ಗೊತ್ತಾ?" ಗೊತ್ತಿದ್ದರೆ 'ದಿ'. ಗೊತ್ತಿಲ್ಲ, ಎಣಿಸುವ ಒಂದು ವಸ್ತು ಎಂದರೆ 'ಎ'. ಎಲ್ಲ ಸಂದರ್ಭಕ್ಕೂ ಇದು ಸಾಲದು, ಆದರೆ ಮುಕ್ಕಾಲು ದಾರಿ ದಾಟಿಸುತ್ತದೆ.

2. ಒಂದೋ ಹಲವೋ: ಬಾಶೋ ಅವರ ಕಪ್ಪೆ

ಕೋಟೋದ ಫುಕಾಗಾವಾ ಭಾಗದಲ್ಲಿ 1680ರಿಂದ ಮಾತ್ಸುವೊ ಬಾಶೋ ವಾಸವಾಗಿದ್ದರು. 1686ರ ಅವರ ಕಪ್ಪೆಯ ಹಾಯ್ಕು ಜಗತ್ಪ್ರಸಿದ್ಧ. ಅದರಲ್ಲಿ ಕಪ್ಪೆ ಒಂದೋ ಹಲವೋ? ಜಪಾನಿ ಅದನ್ನು ಹೇಳುವುದೇ ಇಲ್ಲ. ಇಂಗ್ಲಿಷಿಗೆ ತರುವವರು ಮಾತ್ರ ನಿರ್ಧರಿಸಲೇಬೇಕು. ಲ್ಯಾಫ್ಕಾಡಿಯೊ ಹರ್ನ್ ಅವರು ಹಲವು ಕಪ್ಪೆ ಮಾಡಿದರು. ಬಹುತೇಕ ಉಳಿದವರು ಒಂದೇ ಕಪ್ಪೆ ಸಾಕು ಎಂದರು! ಮಕ್ಕಳನ್ನು ಫುಕಾಗಾವಾದ ಬಾಶೋ ಸ್ಮಾರಕ ಸಂಗ್ರಹಾಲಯಕ್ಕೆ ಕರೆದೊಯ್ದಾಗ ಈ ಕತೆ ಹೇಳಿ. ಏಕವಚನ ಬಹುವಚನ ಇಂಗ್ಲಿಷಿಗೆ ಎಷ್ಟು ಅನಿವಾರ್ಯ ಎನ್ನುವುದು ಮರೆಯುವುದಿಲ್ಲ.

ನಾವೂ ಏನು ಕಡಿಮೆ? "ಐದು ಪುಸ್ತಕ ಕೊಡಿ", "ಹತ್ತು ರೂಪಾಯಿ ಇದೆ" ಅನ್ನುತ್ತೇವೆ. ಸಂಖ್ಯೆ ಹೇಳಿದ ಮೇಲೆ 'ಗಳು' ಯಾಕೆ ಎನ್ನುವುದು ನಮ್ಮ ನ್ಯಾಯ. ಹೀಗಾಗಿ 'ಫೈವ್ ಬುಕ್'. ಆಮೇಲೆ 'ಎಸ್' ಹಾಕಬೇಕೆಂದು ಕಲಿತ ಮಗು 'ಅಡ್ವೈಸಸ್', 'ಹೋಂವರ್ಕ್ಸ್', 'ಫರ್ನಿಚರ್ಸ್' ಎಂದು ಎಲ್ಲದಕ್ಕೂ ಹಾಕುತ್ತದೆ.

ಎಣಿಸಲು ಬಾರದ ನಾಮಪದ ವಿವರಿಸಲು ಜಪಾನಿ ಸಹಾಯಕ್ಕೆ ಬರುತ್ತದೆ. ಜಪಾನಿಯಲ್ಲಿ ಕಾಗದ ಎಣಿಸಲು 'ಮಾಯ್', ಪೆನ್ಸಿಲ್ ಎಣಿಸಲು 'ಹೊನ್', ಕಪ್ಪೆ ಎಣಿಸಲು 'ಹಿಕಿ' ಬೇಕು. ನೇರವಾಗಿ ಎಣಿಸುವಂತಿಲ್ಲ. ಕನ್ನಡದಲ್ಲೂ 'ಹತ್ತು ಅಕ್ಕಿ' ಅನ್ನುವುದಿಲ್ಲ, 'ಹತ್ತು ಕಾಳು ಅಕ್ಕಿ' ಅನ್ನುತ್ತೇವೆ. 'ಅಡ್ವೈಸ್', 'ಫರ್ನಿಚರ್', 'ಪೇಪರ್' ಇಂಗ್ಲಿಷಿಗೆ ಅಕ್ಕಿ ಇದ್ದಂತೆ. ಕಾಳು ಬೇಕಾದರೆ 'ಎ ಪೀಸ್ ಆಫ್ ಅಡ್ವೈಸ್'. ಇಷ್ಟು ಹೇಳಿದರೆ ಸಾಕು, ಮಗು ತಾನೇ ನಗುತ್ತಾ ಒಪ್ಪಿಕೊಳ್ಳುತ್ತದೆ.

3. ಕ್ರಿಯಾಪದದ ಬಾಲ: ತಾನೆ, ತಾಳೆ, ತದೆ

'ಹಿ ಗೋ ಟು ಸ್ಕೂಲ್' ಎಂಬ ತಪ್ಪು ಲೋಕವ್ಯಾಪಿ. ಇಲ್ಲಿ ಜಪಾನಿ ಏನೂ ನೆರವಾಗದು. ನಾನು, ನೀನು, ಅವನು ಯಾರು ಹೋದರೂ ಅದರ ಕ್ರಿಯಾಪದ ಒಂದೇ. ಆದರೆ ಕನ್ನಡದಲ್ಲಿ ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ ಎಂದು ಬಾಲ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಉಳಿದಿರುವುದು ಒಂದೇ ಬಾಲ, ಆ 'ಎಸ್'. ಮಗುವಿಗೆ ಹೀಗೆ ಹೇಳಿ: ಕನ್ನಡದಲ್ಲಿ 'ತಾನೆ, ತಾಳೆ, ತದೆ' ಬಂದರೆ ಇಂಗ್ಲಿಷಿನಲ್ಲಿ 'ಎಸ್'. ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಮೂರಕ್ಕೂ 'ಗೋಸ್'. ಹೋಗುತ್ತಾರೆ, ಹೋಗುತ್ತವೆ ಎಂದರೆ ಬರೀ 'ಗೋ'.

ಒಂದು ಬಲೆ ಇದೆ, ಎಚ್ಚರ! ನಮ್ಮಲ್ಲಿ ಗೌರವಕ್ಕೂ ಬಹುವಚನ. "ನಮ್ಮ ಟೀಚರ್ ಬರುತ್ತಾರೆ." ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಮರ್ಯಾದೆ ಗೊತ್ತಿಲ್ಲ. ಟೀಚರ್ ಒಬ್ಬರೇ ಆದರೆ 'ಕಮ್ಸ್'. ಅಜ್ಜ ಒಬ್ಬರೇ ಆದರೂ 'ಹಿ ಕಮ್ಸ್'.

ಈ 'ಎಸ್' ತಡವಾಗಿ ಬಂದರೆ ಗಾಬರಿ ಬೇಡ. ಅಮೆರಿಕದ ರೋಜರ್ ಬ್ರೌನ್ ಅವರು ಇಂಗ್ಲಿಷ್ ಮನೆಮಾತಿನ ಮೂವರು ಮಕ್ಕಳ ಮಾತನ್ನು ಹಿಂಬಾಲಿಸಿ 1973ರಲ್ಲಿ ಪುಸ್ತಕ ಬರೆದರು. ಆ ಮಕ್ಕಳಲ್ಲೂ 'ಇಂಗ್' ಬೇಗ ಬಂತು, ಈ 'ಎಸ್' ನಿಧಾನವಾಗಿ ಬಂತು.

4. ಹೋದೆ, ಹೋಗಿದ್ದೇನೆ, ಹೋಗಿದ್ದೆ

'ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ದಿ ಟೆಂಪಲ್.' ಇದು ಮಕ್ಕಳ ತಪ್ಪು ಮಾತ್ರವಲ್ಲ, ಎಷ್ಟೋ ಕಚೇರಿಗಳ ಇಮೇಲಿನಲ್ಲೂ ಇದೆ. ಕಾರಣ ಸ್ಪಷ್ಟ: "ನಿನ್ನೆ ದೇವಸ್ಥಾನಕ್ಕೆ ಹೋಗಿದ್ದೆ" ಎನ್ನುವುದು ಕನ್ನಡದಲ್ಲಿ ತೀರಾ ಸಹಜ. ಇಂಗ್ಲಿಷಿನಲ್ಲಿ 'ಹ್ಯಾಡ್' ಬೇಕಾಗುವುದು ಮುಖ್ಯವಾಗಿ ಆಗಿಹೋದ ಎರಡು ಘಟನೆಗಳಲ್ಲಿ ಮೊದಲಿನದನ್ನು ತೋರಿಸಲು. 'ವೆನ್ ಐ ರೀಚ್ಡ್ ದಿ ಸ್ಟೇಷನ್, ದಿ ಟ್ರೇನ್ ಹ್ಯಾಡ್ ಲೆಫ್ಟ್.' ನಾನು ಸ್ಟೇಷನ್ ತಲುಪುವ ಮೊದಲೇ ರೈಲು ಹೊರಟುಹೋಗಿತ್ತು. ಒಂದೇ ಘಟನೆ, ಯಾವಾಗ ಎಂದೂ ಹೇಳಿದ್ದೀರಿ ಎಂದರೆ ಸುಮ್ಮನೆ 'ವೆಂಟ್'.

'ಹ್ಯಾವ್' ಬರುವ ಜಾಗಕ್ಕೆ ಕನ್ನಡದಲ್ಲಿ 'ಇದ್ದೇನೆ' ಸಿದ್ಧವಾಗಿದೆ. "ಊಟ ಮಾಡಿದ್ದೇನೆ", 'ಐ ಹ್ಯಾವ್ ಈಟನ್'. ಕೆಲಸ ಆಗಿದೆ, ಅದರ ಫಲ ಈಗಲೂ ಇದೆ, ಹಸಿವಿಲ್ಲ. ಆದರೆ ನಿನ್ನೆ, ಹೋದ ವಾರ ಎಂದು ಗಡಿ ಹಾಕಿದ ಕೂಡಲೇ ಇಂಗ್ಲಿಷ್ 'ಹ್ಯಾವ್' ಕಿತ್ತುಕೊಳ್ಳುತ್ತದೆ.

ಇನ್ನು 'ಸಿನ್ಸ್' ಮತ್ತು 'ಫಾರ್'. "ಐದು ವರ್ಷದಿಂದ ಕೋಟೋದಲ್ಲಿದ್ದೇನೆ" ಎನ್ನುವುದನ್ನು ಮಗು 'ಐ ಆಮ್ ಇನ್ ಕೋಟೋ ಸಿನ್ಸ್ ಫೈವ್ ಇಯರ್ಸ್' ಮಾಡುತ್ತದೆ. ಎರಡು ತಪ್ಪು. ಮೊದಲನೆಯದು 'ಆಮ್'. ಅಂದು ಶುರುವಾಗಿ ಇಂದಿಗೂ ನಡೆಯುತ್ತಿರುವುದಕ್ಕೆ ಇಂಗ್ಲಿಷಿನಲ್ಲಿ 'ಹ್ಯಾವ್ ಬೀನ್' ಬೇಕು. ಕನ್ನಡ, ಜಪಾನಿ, ಅಷ್ಟೇಕೆ ಸ್ಪ್ಯಾನಿಷ್ ಕೂಡ ಇಲ್ಲಿ ವರ್ತಮಾನಕಾಲವನ್ನೇ ಬಳಸುತ್ತವೆ, ಆದ್ದರಿಂದ ಆ ಮಕ್ಕಳೂ ಇದೇ ತಪ್ಪು ಮಾಡುತ್ತಾರೆ. ಎರಡನೆಯದು 'ಸಿನ್ಸ್'. ನಮ್ಮ 'ಇಂದ' ಎರಡು ಕೆಲಸ ಮಾಡುತ್ತದೆ. "2019ರಿಂದ" ಎಂದರೆ ಶುರುವಾದ ಹೊತ್ತು, ಅದಕ್ಕೆ 'ಸಿನ್ಸ್'. "ಐದು ವರ್ಷದಿಂದ" ಎಂದರೆ ಅವಧಿಯ ಉದ್ದ, ಅದಕ್ಕೆ 'ಫಾರ್'. ಗಡಿಯಾರ ಅಥವಾ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದರೆ 'ಸಿನ್ಸ್' ಎಂದು ಹೇಳಿಕೊಡಿ.

5. 'ಗೊತ್ತಾಗುತ್ತಾ ಇದೆ' ಅಲ್ಲ, 'ಗೊತ್ತು'

'ಐ ಆಮ್ ನೋಯಿಂಗ್', 'ಐ ಆಮ್ ವಾಂಟಿಂಗ್' ಎಂಬುದು ಮಧ್ಯಮ ಹಂತದ ಇನ್ನೊಂದು ರೋಗ. ಜಪಾನಿಯಲ್ಲಿ 'ಗೊತ್ತು' ಎನ್ನಲು 'ಶಿತ್ತೆ ಇರು' ಎನ್ನುತ್ತಾರೆ. 'ತಿನ್ನುತ್ತಾ ಇದ್ದೇನೆ' ಎನ್ನುವುದಕ್ಕೂ ಅದೇ ಅಚ್ಚು, 'ತಾಬೆತೆ ಇರು'. ಜಪಾನಿ ಶಾಲೆಯ ಮಗು ಇಲ್ಲಿ ಜಾರಿದರೆ ಆಶ್ಚರ್ಯವಿಲ್ಲ.

ಇಲ್ಲಿ ಕನ್ನಡ ಇಂಗ್ಲಿಷಿನ ಪಕ್ಷ ವಹಿಸುತ್ತದೆ! ಗೊತ್ತು, ಬೇಕು, ಇಷ್ಟ ಎಂಬ ಪದಗಳನ್ನು ನೋಡಿ. ಇವಕ್ಕೆ ನೇರವಾಗಿ 'ಉತ್ತಾ ಇದೆ' ಹಚ್ಚಲು ಬರುವುದೇ ಇಲ್ಲ. 'ಗೊತ್ತುತ್ತಾ ಇದೆ' ಎಂದು ಹೇಳಿ ನೋಡಿ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಕನ್ನಡದಲ್ಲಿ ಎಲ್ಲಿ ನಗು ಬರುತ್ತದೋ ಅಲ್ಲಿ ಇಂಗ್ಲಿಷಿನ 'ಇಂಗ್' ಕೂಡ ಬೇಡ: 'ನೋ', 'ವಾಂಟ್', 'ಲೈಕ್'.

ಇದೇ ಮೂರು ಪದಗಳಲ್ಲಿ ಇನ್ನೊಂದು ಪಾಠವೂ ಇದೆ. "ನನಗೆ ಇಷ್ಟ", "ನನಗೆ ಗೊತ್ತು", "ನನಗೆ ಬೇಕು". ನಮ್ಮಲ್ಲಿ ಅನುಭವಿಸುವವನು ಚತುರ್ಥಿಯಲ್ಲಿರುತ್ತಾನೆ. ಸ್ಪ್ಯಾನಿಷಿನಲ್ಲೂ 'ಮೆ ಗುಸ್ತಾ', ಅಂದರೆ ನನಗೆ ಇಷ್ಟವಾಗುತ್ತದೆ! ಇಂಗ್ಲಿಷಿನಲ್ಲಿ ಮಾತ್ರ ಎಲ್ಲದಕ್ಕೂ 'ಐ' ಮುಂದೆ ನಿಲ್ಲಬೇಕು. ಮಾಡುವವನೂ 'ಐ', ಅನುಭವಿಸುವವನೂ 'ಐ'. ಯಾರೂ ಇಲ್ಲದಿದ್ದರೆ ಒಂದು 'ಇಟ್' ತಂದು ನಿಲ್ಲಿಸುತ್ತಾರೆ: 'ಇಟ್ ಈಸ್ ರೇನಿಂಗ್'.

6. ಓಜಿಮಾದ ಬೆಕ್ಕು: ವಾಕ್ಯವನ್ನು ಕನ್ನಡಿಯಲ್ಲಿ ನೋಡುವುದು

ಈ ಮಾತು ನೋಡಿ: "ನಿನ್ನೆ ಓಜಿಮಾ ಸ್ಟೇಷನ್ ಹತ್ತಿರ ನೋಡಿದ ಬೆಕ್ಕು." ಜಪಾನಿಯಲ್ಲಿ: "ಕಿನೋ ಓಜಿಮಾ ಎಕಿ ನೊ ಚಿಕಾಕು ದೆ ಮಿತಾ ನೆಕೋ." ಕಿನೋ ನಿನ್ನೆ, ಎಕಿ ಸ್ಟೇಷನ್, ಚಿಕಾಕು ಹತ್ತಿರ, ಮಿತಾ ನೋಡಿದ, ನೆಕೋ ಬೆಕ್ಕು. ಪದಕ್ಕೆ ಪದ ಅದೇ ಸಾಲು! ಇಂಗ್ಲಿಷಿನಲ್ಲಿ: 'ದಿ ಕ್ಯಾಟ್ ದ್ಯಾಟ್ ವಿ ಸಾ ನಿಯರ್ ಓಜಿಮಾ ಸ್ಟೇಷನ್ ಯೆಸ್ಟರ್ಡೇ.' ಬೆಕ್ಕು, ನೋಡಿದ, ಹತ್ತಿರ, ಸ್ಟೇಷನ್, ನಿನ್ನೆ. ಕನ್ನಡಿಯಲ್ಲಿ ಹಿಡಿದಂತೆ ಪೂರ್ತಿ ತಿರುಗುಮುರುಗು.

ಈ ಆಟವನ್ನು ಮಕ್ಕಳಿಗೆ ಕಾಗದದ ಚೀಟಿಗಳಲ್ಲಿ ಆಡಿಸಿ. ಕನ್ನಡದ ಚೀಟಿಗಳನ್ನು ಎಡದಿಂದ ಬಲಕ್ಕೆ ಜೋಡಿಸಿ, ಇಂಗ್ಲಿಷಿಗೆ ಬಲದಿಂದ ಎಡಕ್ಕೆ ಓದಿಸಿ. 'ಹೂ', 'ವಿಚ್', 'ದ್ಯಾಟ್' ಎಲ್ಲಿ ಸೇರುತ್ತದೆ ಎನ್ನುವುದು ತಾನಾಗಿ ಹೊಳೆಯುತ್ತದೆ. ನಮ್ಮ 'ನೋಡಿದ', 'ಬಂದ', 'ಕೊಟ್ಟ' ಎಂಬ ಕೃದಂತಗಳಲ್ಲಿ ಆ 'ದ್ಯಾಟ್' ಅಡಗಿ ಕೂತಿರುತ್ತದೆ. 'ದಿ ಕ್ಯಾಟ್ ದ್ಯಾಟ್ ವಿ ಸಾ ಇಟ್' ಎಂದು ಮಗು ಕೊನೆಗೊಂದು 'ಇಟ್' ಸೇರಿಸಿದರೆ, "ಬೆಕ್ಕು ಮುಂದೆಯೇ ಬಂದಾಯ್ತಲ್ಲ, ಮತ್ತೆ ಯಾಕೆ ಕರೀತೀಯಾ?" ಎಂದು ಕೇಳಿ.

7. ಅಂತ ಹೇಳಿದ, ಅಂತ ಗೊತ್ತಿಲ್ಲ

ಕನ್ನಡದ 'ಅಂತ' ಬಹಳ ಉಪಕಾರಿ ಪದ. ಯಾರು ಏನೇ ಹೇಳಿರಲಿ, ಅದನ್ನು ಹಾಗೆಯೇ ಎತ್ತಿ 'ಅಂತ' ಹಚ್ಚಿದರೆ ಮುಗಿಯಿತು. "ನಾಳೆ ಬರ್ತೀನಿ ಅಂತ ಹೇಳಿದ." ಜಪಾನಿಯ 'ತೊ' ಕೂಡ ಅದೇ ಕೆಲಸ ಮಾಡುತ್ತದೆ. ಇದರಿಂದ ಬರುವ ತಪ್ಪು: 'ಹಿ ಟೋಲ್ಡ್ ದ್ಯಾಟ್ ಐ ವಿಲ್ ಕಮ್ ಟುಮಾರೋ.' ಕೇಳಿದವರಿಗೆ ಬರುವವನು ಯಾರು ಎಂದೇ ಗೊಂದಲ. ಇಂಗ್ಲಿಷಿನಲ್ಲಿ ಹೇಳುವವನು ಎಲ್ಲವನ್ನೂ ತನ್ನ ನಿಲುವಿನಿಂದ ಬದಲಿಸಬೇಕು: 'ಐ' ಹೋಗಿ 'ಹಿ', 'ವಿಲ್' ಹೋಗಿ 'ವುಡ್', 'ಟುಮಾರೋ' ಹೋಗಿ 'ದಿ ನೆಕ್ಸ್ಟ್ ಡೇ'.

ಪ್ರಶ್ನೆಯದೂ ಇದೇ ಕತೆ. "ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ" ಎನ್ನುವುದು 'ಐ ಡೋಂಟ್ ನೋ ವೇರ್ ಈಸ್ ಹಿ' ಆಗುತ್ತದೆ. ಒಳಗೆ ಸೇರಿದ ಪ್ರಶ್ನೆ ತನ್ನ ತಲೆಕೆಳಗು ಬಿಟ್ಟು ನೆಟ್ಟಗೆ ನಿಲ್ಲಬೇಕು: 'ವೇರ್ ಹಿ ಈಸ್'.

ಇನ್ನು "ನೀನು ಬರಲ್ವಾ?" ಎಂದರೆ ನಾವು "ಹೂಂ, ಬರಲ್ಲ" ಅನ್ನುತ್ತೇವೆ. ಜಪಾನಿಯರೂ "ಹಾಯ್" ಅಂದು ಬರುವುದಿಲ್ಲ ಅನ್ನುತ್ತಾರೆ. ಕೇಳಿದವರ ಮಾತು ಸರಿ ಎಂದು ಒಪ್ಪುವುದು ನಮ್ಮ ರೀತಿ. ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಇರಲಿ, ಬರದಿದ್ದರೆ 'ನೋ', ಬಂದರೆ 'ಯೆಸ್'. 'ಯೆಸ್' ಎಂದು ಹೇಳಿದ ಮಗುವಿಗಾಗಿ ಸ್ಕೂಲ್ ಬಸ್ಸು ಸುಮ್ಮನೆ ಕಾಯುತ್ತಾ ನಿಲ್ಲುವುದು ಬೇಡ, ಅಲ್ಲವೇ?

8. ಹಕ್ಕಿಯಾಗಿದ್ದರೆ ಹಾರುತ್ತಿದ್ದೆ

2021ರಿಂದ ಜಪಾನಿನ ಜೂನಿಯರ್ ಹೈಸ್ಕೂಲಿನ ಇಂಗ್ಲಿಷ್ ಪಾಠದಲ್ಲಿ 'ಇಫ್ ಐ ವರ್ ಎ ಬರ್ಡ್' ಎಂಬ ಬಗೆಯ ವಾಕ್ಯಗಳೂ ಸೇರಿವೆ. ಇಂದಿನ ಮಾತು ಹೇಳುತ್ತಾ ಭೂತಕಾಲ ಯಾಕೆ ಎಂದು ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ. ಕನ್ನಡದ ಮಗುವಿಗೆ ಇದು ಸಲೀಸು. "ಮಳೆ ಬಂದರೆ ಹೋಗಲ್ಲ" ಎಂದರೆ ಮಳೆ ಬರಲೂಬಹುದು. "ನಾನು ಹಕ್ಕಿಯಾಗಿದ್ದರೆ ಹಾರುತ್ತಿದ್ದೆ" ಎಂದರೆ ನಾನು ಹಕ್ಕಿಯಲ್ಲ. 'ಹಾರುತ್ತಿದ್ದೆ' ಭೂತಕಾಲದ ರೂಪವೇ ತಾನೇ? ನಿಜವಲ್ಲದ್ದನ್ನು ಹೇಳಲು ಕನ್ನಡವೂ ಇಂಗ್ಲಿಷೂ ಒಂದೇ ಉಪಾಯ ಮಾಡಿವೆ: ಕಾಲವನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳುವುದು. "ಹಾರುತ್ತಿದ್ದೆ" ಬಂದಲ್ಲಿ 'ವುಡ್ ಫ್ಲೈ'. ಇಷ್ಟು ಚೊಕ್ಕ ಹೊಂದಿಕೆ ಬೇರೆ ಕಡೆ ಸಿಗುವುದು ಅಪರೂಪ.

ಮನೆಯಲ್ಲಿ ಮಾಡಬಹುದಾದ್ದು

ಒಂದು: ವಾರಕ್ಕೆ ಒಂದೇ ವಿಷಯ. ಒಂದು ವಾರ 'ಎ, ದಿ', ಮುಂದಿನ ವಾರ 'ಸಿನ್ಸ್, ಫಾರ್'. ಎಲ್ಲ ತಪ್ಪನ್ನೂ ಒಟ್ಟಿಗೆ ತಿದ್ದಲು ಹೋದರೆ ಮಗು ಬಾಯಿಯನ್ನೇ ಮುಚ್ಚಿಕೊಳ್ಳುತ್ತದೆ.

ಎರಡು: ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಮ್ ಮಾಡಿ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಕನ್ನಡ ಬರೆಯಲು ಬಾರದ ಮಗು ಹಿರಾಗಾನಾದಲ್ಲಿ ಬರೆದುಕೊಂಡರೂ ಚಿಂತೆಯಿಲ್ಲ, ವಾಕ್ಯ ಕನ್ನಡದ್ದಾದರೆ ಸಾಕು. ದಿನಕ್ಕೆ ಹತ್ತು ನಿಮಿಷ, ಮೂರು ವಾಕ್ಯ.

ಮೂರು: ತಪ್ಪು ಕಂಡಾಗ "ತಪ್ಪು" ಎನ್ನುವ ಬದಲು "ಇದನ್ನೇ ಕನ್ನಡದಲ್ಲಿ ಹೇಗೆ ಹೇಳ್ತೀಯ?" ಎಂದು ಕೇಳಿ. ತಪ್ಪು ಎಲ್ಲಿಂದ ಬಂತು ಎನ್ನುವುದು ನಿಮಗೂ ಕಾಣುತ್ತದೆ, ಮಗುವಿಗೂ ಕಾಣುತ್ತದೆ.

ನಾಲ್ಕು: ಅಂಗಡಿಯಿಂದ ತರುವ ವ್ಯಾಕರಣ ಪುಸ್ತಕ ಅಭ್ಯಾಸಕ್ಕೆ ಇರಲಿ. ನಮ್ಮ ಹಿರಿಯರು ಓದಿದ ರೆನ್ ಅಂಡ್ ಮಾರ್ಟಿನ್ ಆಗಲಿ, 1985ರಿಂದ ಮಧ್ಯಮ ಹಂತದವರ ಕೈಪಿಡಿಯಾಗಿರುವ ರೇಮಂಡ್ ಮರ್ಫಿ ಅವರ ನೀಲಿ ಪುಸ್ತಕವಾಗಲಿ, ಒಳ್ಳೆಯವೇ. ಆದರೆ ಅವು ಕನ್ನಡದ ಮಗುವನ್ನು ಎದುರಿಗೆ ಕೂರಿಸಿಕೊಂಡು ಬರೆದವಲ್ಲ. ಆ ಕೆಲಸ ಅಪ್ಪ ಅಮ್ಮನದೇ.

ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಿಂದಲೂ ಹೇಳುತ್ತಾ ಬಂದಿರುವ ಮಾತೊಂದಿದೆ. ಮಗುವಿನ ಎರಡು ಭಾಷೆಗಳು ನೀರಿನ ಮೇಲೆ ಕಾಣುವ ಎರಡು ಮಂಜುಗಡ್ಡೆಯ ತುದಿಗಳಿದ್ದಂತೆ. ಮೇಲೆ ಬೇರೆ ಬೇರೆ, ನೀರಿನ ಕೆಳಗೆ ಒಂದೇ. ಮನೆಮಾತಿನಲ್ಲಿ ಬೆಳೆದ ತಿಳಿವಳಿಕೆ ಇನ್ನೊಂದು ಭಾಷೆಗೂ ಒದಗುತ್ತದೆ. ಅಜ್ಜಿ ಕತೆಯ 'ಆ ರಾಜ' ಇಂಗ್ಲಿಷಿನ 'ದಿ' ಕಲಿಸುವುದು ಹೀಗೆಯೇ. ಕನ್ನಡವನ್ನು ನಿಲ್ಲಿಸಿದರೆ ಕೆಳಗಿನ ಆ ಗಟ್ಟಿ ನೆಲೆಯೇ ತೆಳುವಾಗುತ್ತದೆ. ಅದರ ಬದಲು ಮಗುವಿಗೆ ಸಿಗುವುದು ನಮ್ಮದೇ ಅವಸರದ ಇಂಗ್ಲಿಷ್, ನಮ್ಮ 'ಐ ಹ್ಯಾಡ್ ಗಾನ್ ಯೆಸ್ಟರ್ಡೇ' ಸಮೇತ! ಇಂಗ್ಲಿಷನ್ನು ಒಳ್ಳೆಯ ಪುಸ್ತಕ, ಒಳ್ಳೆಯ ಶಿಕ್ಷಕರು ಕಲಿಸಿಯಾರು. ಕನ್ನಡವನ್ನು ಕೋಟೋದಲ್ಲಿ ಕಲಿಸುವವರು ನೀವಲ್ಲದೆ ಬೇರೆ ಯಾರಿದ್ದಾರೆ?

ನಿಮ್ಮ ಮಕ್ಕಳು ಮಾಡುವ ತಮಾಷೆಯ ತಪ್ಪುಗಳು, ಅವನ್ನು ತಿದ್ದಲು ನೀವು ಕಂಡುಕೊಂಡ ಕನ್ನಡದ ಉಪಾಯಗಳು ಇದ್ದರೆ ನಮ್ಮ ಪತ್ರಿಕೆಗೆ ಬರೆದು ಕಳಿಸಿ. ಎಲ್ಲರೂ ಓದಿ ಕಲಿಯೋಣ.

ಸಿರಿಗನ್ನಡಂ ಗೆಲ್ಗೆ!